ಅಂಚಿನಲ್ಲಿ ಒತ್ತಿದ ಹೆಬ್ಬೆಟ್ಟು

ದೊಡ್ಡಮನೆಯ ಹಿಂದಿನ ಕೋಣೆ,
ಮಾರ್ಚ್ ೧೪, ಗುರುವಾರ ಮಧ್ಯಾಹ್ನ

ಪ್ರೀತಿಯ ಅಕ್ಕಾ,

ಇವತ್ತು ಬೆಳಿಗ್ಗೆ ಓದುಕೋಣೆಯ ಧೂಳು ಹೊಡೆಯುವಾಗ ಒಂದು ಪುಸ್ತಕದ ಕೊನೆಯ ಪುಟದ ಅಂಚಿನಲ್ಲಿ ದೀಪದ ಮಸಿ ಹತ್ತಿದ ಹೆಬ್ಬೆಟ್ಟಿನ ಗುರುತು ಕಂಡೆ. ಆಗಿನಿಂದ ಕೈಗೆ ಕೆಲಸ ಹತ್ತುತ್ತಿಲ್ಲ. ಅದಿರಲಿ, ಮೊದಲು ನಿನ್ನ ಸೊಂಟನೋವು ಹೇಗಿದೆ ಹೇಳು. ಬಿಂದಿಗೆ ಎತ್ತಬೇಡ ಎಂದರೆ ನೀನು ಕೇಳುವವಳಲ್ಲ. ಭಾವನಿಗೆ ಹೇಳಬಾರದೇ, ಅವರ ತೋಳೇನು ಸವೆದುಹೋಗುತ್ತದೆಯೇ? ಪುಟ್ಟಿಯ ಕೆಮ್ಮು ನಿಂತಿತೇ? ಅಪ್ಪನ ಕಣ್ಣು ಹಾಗೇ ಇದೆಯೇ? ನನ್ನ ಕಾಗದಗಳನ್ನು ಈಗಲೂ ನೀನೇ ಓದಿ ಹೇಳುತ್ತಿರಬೇಕು; ಬೇಡವಾದದ್ದನ್ನು ಹಾರಿಸಿ, ನಾನು ಇಲ್ಲಿ ಮಕ್ಕಳಿಗೆ ಪಾಠ ಹೇಳುವವಳು ಎಂಬ ನಮ್ಮಿಬ್ಬರ ಸುಳ್ಳನ್ನು ಸೇರಿಸಿ.

ಇಲ್ಲಿ ನನ್ನ ಸುಳ್ಳು ತಿರುವುಮುರುವು. ಈ ಮನೆಯೊಡತಿಗೆ ಓದಿದ ಕೆಲಸದವರು ಆಗುವುದಿಲ್ಲ. "ಅಕ್ಷರ ಬಂದೋಳು ಗುಡಿಸೋದು ಬಿಟ್ಟು ಮೇಜಿನ ಮೇಲಿನ ಕಾಗದ ನೋಡ್ತಾಳೆ" ಎಂದು ಮೊದಲ ದಿನವೇ ಅಂದಿದ್ದರು. ಅಕ್ಷರವೇ ಬರುವುದಿಲ್ಲ ಎಂದುಬಿಟ್ಟೆ. ಸಾಹಿತ್ಯದ ಪದವಿಪತ್ರ ಪೆಟ್ಟಿಗೆಯ ತಳದಲ್ಲಿ ಹಳೆಯ ಲಂಗದ ಕೆಳಗೆ ಮಲಗಿದೆ. ಆದರೆ ನೀನು ನನ್ನನ್ನು ಸುಮ್ಮನೆ ಗೆದ್ದಲಮ್ಮ ಎಂದು ಕರೆಯುತ್ತಿದ್ದೆಯೇ? ಮನೆಯವರು ಏಳುವ ಮುಂಚೆ ಓದುಕೋಣೆಯ ಕಿಟಕಿ ತೆಗೆಯುವವಳು ನಾನು. ಅಲ್ಲಿ ಸಮುದ್ರಯಾನದ ದಪ್ಪ ಕಾದಂಬರಿಯೊಂದಿದೆ. ದಿನಕ್ಕೆ ಎರಡು ಪುಟ ಕದ್ದು ಓದಿ, ಗುರುತಿಗೆ ಒರೆಸುವ ಬಟ್ಟೆಯ ಹಳದಿ ದಾರ ಇಡುತ್ತಿದ್ದೆ. ಒಂದು ಬೆಳಿಗ್ಗೆ ನೋಡಿದರೆ, ಪುಟದ ಗುರುತಿಗೆಂದು ಪುಸ್ತಕಕ್ಕೇ ಹೊಲಿದ ಕೆಂಪು ಪಟ್ಟಿ ನನ್ನ ದಾರದ ಪಕ್ಕದಲ್ಲೇ ಬಂದು ಕೂತಿತ್ತು!

ಆಮೇಲೆ ದಿನವೂ ಅದು ನನಗಿಂತ ಒಂದೆರಡು ಪುಟ ಮುಂದೆ ಹೋಗಿ ಕಾಯುತ್ತಿತ್ತು. ಜ್ವರ ಬಂದು ನಾನು ಮಲಗಿದ್ದಾಗ ಅದೂ ಕದಲಲಿಲ್ಲ. ನಾನು ಬರದೆ ಪುಟ ತಿರುಗಿಸದ ಒಬ್ಬರು ಈ ಮನೆಯಲ್ಲಿದ್ದಾರೆ ಎಂದುಕೊಂಡು ನೆಲ ಒರೆಸುವಾಗಲೂ ನಗುತ್ತಿದ್ದೆ. ಅದು ಯಾರು ಎಂದು ಕೇಳಿಕೊಳ್ಳಲೂ ಇಲ್ಲ. ಕಾಲೇಜಿನಲ್ಲಿ ಓದಿದ ಕಥೆಗಳಲ್ಲಿ ಯಾರಿರುತ್ತಾರೋ ಅವರೇ, ಇನ್ಯಾರು? ಒಡತಿಯ ಮಗ, ಚಿಕ್ಕ ಯಜಮಾನರು. ಅವರು ಒಮ್ಮೆ ನನ್ನ ಕಡೆ ನೋಡಿ ಆಕಳಿಸಿದ್ದನ್ನೂ ನಾನು ನಗು ಎಂದೇ ಲೆಕ್ಕ ಹಾಕಿದ್ದೆ, ಅಕ್ಕಾ. ಅವರು ಊರಲ್ಲಿಲ್ಲದ ವಾರವೂ ಪಟ್ಟಿ ಮುಂದೆ ಸಾಗುತ್ತಿತ್ತು. ಅದನ್ನು ಕಂಡೂ ಕಾಣದಂತೆ ಇದ್ದೆ.

ಇಲ್ಲಿ ಎಲ್ಲರೂ ದೀಪದವನು ಎಂದು ಕರೆಯುವ ಒಬ್ಬರಿದ್ದಾರೆ. ಸಂಜೆ ಕೋಣೆಕೋಣೆಗೂ ದೀಪ ಹಚ್ಚಿ, ಎಲ್ಲರೂ ಮಲಗಿದ ಮೇಲೆ ಆರಿಸಿ, ಹಗಲೆಲ್ಲ ಹಿತ್ತಿಲಲ್ಲಿ ಗಾಜು ಒರೆಸುತ್ತ ಕೂರುವವರು. ಮಾತು ಕಡಿಮೆ. ಹೋದ ವಾರ ಊಟದ ಹೊತ್ತಿಗೆ ಅಡುಗೆಯಮ್ಮ ನನ್ನನ್ನು ಹಿಡಿದುಕೊಂಡರು. "ಏನೇ ಹುಡುಗಿ, ನಮ್ಮ ದೀಪಕ್ಕೆಲ್ಲ ಎಣ್ಣೆ ಅರ್ಧ, ನಿನ್ನ ದೀಪಕ್ಕೆ ಮಾತ್ರ ಕಂಠಪೂರ್ತಿ! ದೀಪದವನಿಗೆ ನಿನ್ನ ಕೋಣೆ ಅಷ್ಟು ಕತ್ತಲಾಗಿ ಕಾಣುತ್ತಾ?" ಬೆಂಚಿನ ಮೇಲಿದ್ದವರೆಲ್ಲ ಬಿದ್ದು ಬಿದ್ದು ನಕ್ಕರು. ನನಗೆ ಮೈಯೆಲ್ಲ ಉರಿಯಿತು. ನನ್ನ ಹೆಸರಿಗೆ ಆ ಮಸಿ ಕೈಯವನನ್ನು ಗಂಟು ಹಾಕಿದರಲ್ಲ ಎಂದು. "ಹೆಬ್ಬೆಟ್ಟು ಒತ್ತೋನ ಹತ್ತಿರ ನನಗೇನು ಮಾತು?" ಎಂದೆ. "ಅಯ್ಯಯ್ಯೋ, ಇವಳೇನು ದೊಡ್ಡ ಪಂಡಿತೆ ನೋಡ್ರಪ್ಪ!" ಎಂದು ಅಡುಗೆಯಮ್ಮ ಇನ್ನಷ್ಟು ನಕ್ಕರು. ತಿರುಗಿ ನೋಡಿದರೆ ದೀಪದವರು ಬಾಗಿಲಲ್ಲೇ ನಿಂತಿದ್ದರು, ಎರಡೂ ಕೈಯಲ್ಲಿ ದೀಪದ ಗಾಜುಗಳು. ಒಂದೂ ಸದ್ದಾಗದಂತೆ ನೆಲಕ್ಕಿಟ್ಟು ಹೊರಟುಹೋದರು.

ಆಮೇಲೆ ಕೆಂಪು ಪಟ್ಟಿ ನನಗಾಗಿ ಕಾಯಲಿಲ್ಲ. ದಿನಕ್ಕೊಂದು ಅಧ್ಯಾಯ ದಾಟಿ ಇವತ್ತು ಕೊನೆಯ ಪುಟ ಮುಟ್ಟಿದೆ. ಅಲ್ಲಿ ಆ ಗುರುತು. ಅಕಸ್ಮಾತ್ತಾಗಿ ತಗುಲಿದ್ದಲ್ಲ, ನೇರವಾಗಿ ಒತ್ತಿದ್ದು. ಅದಕ್ಕೆ ಮೊದಲು ಯಾವ ಪುಟದಲ್ಲೂ ಒಂದು ಚುಕ್ಕೆ ಮಸಿಯೂ ಇಲ್ಲ. ಅಂದರೆ ದೀಪದವರು ಇಷ್ಟು ದಿನ ಕೈ ತೊಳೆದುಕೊಂಡೇ ಪುಸ್ತಕ ಮುಟ್ಟುತ್ತಿದ್ದರು. ಯಜಮಾನರ ಪುಸ್ತಕ ಮುಟ್ಟಿದ್ದು ತಿಳಿದರೆ ಕೆಲಸ ಹೋದೀತೆಂದು ನನ್ನ ಹಾಗೇ ಬಾಯಿ ಮುಚ್ಚಿಕೊಂಡಿದ್ದರು. ಅಕ್ಷರ ಮುಚ್ಚಿಟ್ಟುಕೊಂಡು ಕಸ ಗುಡಿಸುವವಳಿಗೆ, ಅಕ್ಷರ ಮುಚ್ಚಿಟ್ಟುಕೊಂಡು ದೀಪ ಒರೆಸುವವರು ಇರಬಹುದೆಂದು ಹೊಳೆಯಲೇ ಇಲ್ಲವಲ್ಲ! ನನ್ನ ದೀಪಕ್ಕೆ ಎಣ್ಣೆ ತುಂಬಿಸಿದ್ದು ನಾನು ಓದಲಿ ಎಂದು. ಬ್ರೆಡ್ಡಿನ ಚೂರಿನಿಂದ ಉಜ್ಜಿದ್ದರೆ ಆ ಮಸಿ ಹೋಗುತ್ತಿತ್ತು. ಕೈ ಏಳಲಿಲ್ಲ. ಕನ್ನಡಿ ಒರೆಸುವಾಗಲೂ ಮುಖ ಬೇರೆ ಕಡೆ ತಿರುಗಿಸಿಕೊಂಡಿದ್ದೆ.

ಒಡತಿ ಮಧ್ಯಾಹ್ನದ ನಿದ್ದೆಯಿಂದ ಏಳುವ ಹೊತ್ತಾಯಿತು. ಭಾವನಿಗೆ ನಮಸ್ಕಾರ, ಪುಟ್ಟಿಯ ಎರಡೂ ಕೆನ್ನೆಗೆ ಮುತ್ತು. ಅಪ್ಪನ ಕಾಲಿಗೆ ನನ್ನ ಪರವಾಗಿ ನೀನೇ ಎರಗು.

ನಿನ್ನ
ಗೆದ್ದಲಮ್ಮ

ಮರೆತದ್ದು: ಈ ಮನೆಗೆ ವಿದ್ಯುತ್ ಬರುತ್ತಿದೆ, ಗೋಡೆ ಕೊರೆದು ತಂತಿ ಎಳೆದಾಗಿದೆ. ಶನಿವಾರದಿಂದ ದೀಪದವರಿಗೆ ಇಲ್ಲಿ ಕೆಲಸವಿಲ್ಲ. ನಾಳಿನ ಊಟವೇ ಕೊನೆಯದು. ನಾಳೆ ಎಲ್ಲರೂ ಬೆಂಚಿನ ಮೇಲೆ ಕೂತಾಗ ಆ ಪುಸ್ತಕ ಹಿಡಿದುಕೊಂಡು ಹೋಗಿ, ಅಡುಗೆಯಮ್ಮನ ಎದುರಿಗೇ, ನನ್ನ ದಾರವಿರುವ ಪುಟದಿಂದ ಗಟ್ಟಿಯಾಗಿ ಓದುತ್ತೇನೆ. ದೀಪದವರ ಗುಟ್ಟನ್ನು ನಾನು ಬಿಟ್ಟುಕೊಡುವುದಿಲ್ಲ. ಮುಂದಿನ ಸಾಲು ಅವರು ಹೇಳಿದರೆ ಹೇಳಲಿ, ಎದ್ದು ಹೋದರೆ ಹೋಗಲಿ. ಸಂಜೆಯೊಳಗೆ ಒಡತಿಯ ಕಿವಿಗೆ ಬಿದ್ದೇ ಬೀಳುತ್ತದೆ, ಪೆಟ್ಟಿಗೆ ಕಟ್ಟಿಟ್ಟಿದ್ದೇನೆ. ನಿನ್ನಲ್ಲಿ ಕೇಳುವುದು ಒಂದೇ, ಅಕ್ಕಾ: ಈ ಕಾಗದವನ್ನು ಅಪ್ಪನಿಗೆ ಓದುವಾಗ ಏನನ್ನೂ ಹಾರಿಸಬೇಡ.