ಏಳನೇ ಬೇಡಿಕೆಯ ಸ್ಟೂಲು

ದಾವಣಗೆರೆ
ಪಾಳಿವರ್ಷ ನೂರಾ ಹದಿನಾಲ್ಕು, ವೈಶಾಖದ ಮೂವತ್ತೆಂಟು

ಹಾಲಮ್ಮಜ್ಜಿಗೆ ನಿನ್ನ ಮರಿಮೊಮ್ಮಗಳ ಮರಿಮೊಮ್ಮಗಳು ಕರಿಬಸವ್ವ ಮಾಡುವ ನಮಸ್ಕಾರ.

ತಾರೀಕು ನೋಡಿ ಗಾಬರಿ ಬೀಳಬೇಡ, ನಮ್ಮ ತಿಂಗಳಿಗೆ ನಲವತ್ತು ದಿನ. ಮಾತೂ ಒಂದಿಷ್ಟು ಬದಲಾಗಿದೆ. ತಿಳಿಯದ್ದನ್ನು ಹೊಟ್ಟೆಗೆ ಹಾಕಿಕೋ. ನನಗೀಗ ಅರವತ್ತೆರಡು, ನಿನಗೆ ಮೂವತ್ತೊಂದು. ಆದರೂ ಅಜ್ಜಿ ಅಂತಲೇ ಕರೀತೀನಿ, ಬೈಕೋಬೇಡ.

ನಾನು ಈ ಊರಿನ ಕಟ್ಟೆಗಾರ್ತಿ. ಅಂದರೆ ಸರ್ಕಲ್‌ಗಳಲ್ಲಿ ನಿಲ್ಲುವ ಪ್ರತಿಮೆಗಳ ಯೋಗಕ್ಷೇಮ ನನ್ನದು. ನಮ್ಮಲ್ಲಿ ಕಲ್ಲಿಗೂ ಪಾಳಿ ಇದೆ. ಎಂಟು ವರ್ಷ ದುಡಿದ ಪ್ರತಿಮೆಯನ್ನು ಕಟ್ಟೆಯಿಂದ ಇಳಿಸಿ, ಮೈ ತೊಳೆದು, ಹೊಂಗೆ ನೆರಳಲ್ಲಿ ಮಲಗಿಸುತ್ತೇವೆ. ಅವತ್ತು ಸೈರನ್ ಕೂಗುತ್ತದೆ, ಊರಿಗೆಲ್ಲ ಮಂಡಕ್ಕಿ, ಮಿರ್ಚಿ. ರಾಜನಾಗಲಿ, ಕ್ರಾಂತಿಕಾರಿಯಾಗಲಿ, ಯಾರೂ ಎರಡನೇ ಪಾಳಿ ಕೇಳುವ ಹಾಗಿಲ್ಲ. ನಿಮ್ಮ ಕಾಲದವರು ಕೂಲಿಯವರಿಗೆ ಕೇಳಿದ್ದನ್ನು ನಾವು ಕಲ್ಲಿಗೂ ಕೊಟ್ಟೆವು, ಅಷ್ಟೇ.

ಈ ಸಲ ಹಳೇ ಮಿಲ್ ಸರ್ಕಲ್ ಪಾಳಿ ನಿನ್ನದು ಕಣಜ್ಜಿ! ಸುದ್ದಿ ಕೇಳಿ ಗಳಗಳ ಅತ್ತುಬಿಟ್ಟೆ. ಆಮೇಲೆ ಶಿಲ್ಪಿಯ ಮಣ್ಣಿನ ಮಾದರಿ ನೋಡಿ ಮೈಯೆಲ್ಲ ಉರಿದುಹೋಯಿತು. ಮುಷ್ಟಿ ಎತ್ತಿಕೊಂಡು ನೆಟ್ಟಗೆ ನಿಂತಿದ್ದೀಯ. ಗಾರ್ಮೆಂಟ್ಸ್‌ನ ಚೆಕಿಂಗ್ ಟೇಬಲ್ ಮುಂದೆ ದಿನಕ್ಕೆ ಒಂಬತ್ತು ತಾಸು ನಿಂತು ಮೀನಖಂಡದ ನರ ಉಬ್ಬಿಸಿಕೊಂಡವಳನ್ನು ಇನ್ನೆಂಟು ವರ್ಷ ನಿಲ್ಲಿಸುತ್ತಾರಂತೆ! “ಅವಳ ಕಾಲು ನಿನಗಿದ್ದಿದ್ದರೆ ಗೊತ್ತಾಗುತ್ತಿತ್ತು ಮಾರಾಯ” ಎಂದು ಆ ಶಿಲ್ಪಿಗೆ ಚೆನ್ನಾಗಿ ಬೈದೆ. ಕೂರಿಸಿ ಎಂದರೆ ಕಮಿಟಿಯವರು ನಕ್ಕರು. ಕೂರೋದು ಮಾಲೀಕರು, ಕಾರ್ಮಿಕರು ನಿಂತರೇ ಚೆಂದ ಎಂದರು.

ಅವರ ಕೈಯಲ್ಲಿ ನಿಮ್ಮ ಯೂನಿಯನ್ನಿನ ಬೇಡಿಕೆ ಪಟ್ಟಿ ಇದೆ. ಆರು ಬೇಡಿಕೆ ಸ್ಪಷ್ಟವಾಗಿವೆ. ಏಳನೆಯದನ್ನು ಓದಲಾಗದ ಹಾಗೆ ಗೀಚಿದೆ. ಅದು ‘ಕೂರಲು ಸ್ಟೂಲು ಬೇಕು’ ಎಂದಿತ್ತು ಅನ್ನೋದು ನಮ್ಮ ಮನೆಯ ಬಾಯಿಮಾತು ಮಾತ್ರ. ನಿನ್ನನ್ನು ಕೂರಿಸಲು ಕಮಿಟಿಗೆ ಅದು ಸಾಲದು.

ಗೀಚುವವಳು ನೀನೇ ಅಜ್ಜಿ, ಈ ಕಾಗದ ಓದಿದ ಮಾರನೇ ದಿನ, ಅಂದರೆ ನಿನಗೆ ನಾಳೆ. ಗೇಟ್ ಮೀಟಿಂಗಿನಲ್ಲಿ ನಿಮ್ಮ ಮುಖಂಡರು ತಿಪ್ಪೇಶಣ್ಣ “ಮೊದಲು ಕ್ರಾಂತಿ ಆಗಲಿ ತಂಗೀ, ಸ್ಟೂಲು ಆಮೇಲೆ” ಅಂತಾರೆ. ಎಲ್ಲರೂ ನಗುತ್ತಾರೆ. ನೀನು ನಾಚಿಕೊಂಡು ಪೆನ್ನು ತಗೊಳ್ಳುತ್ತೀಯ. ತಿಪ್ಪೇಶಣ್ಣ ಕೆಟ್ಟವರಲ್ಲ, ದಪ್ಪ ದಪ್ಪ ಪುಸ್ತಕ ಓದಿದವರು, ನಿಮಗಾಗಿ ಜೈಲಿಗೂ ಹೋಗಿಬಂದವರು. ಆದರೆ ಆ ಪುಸ್ತಕಗಳನ್ನೆಲ್ಲ ಅವರು ಕೂತು ಓದಿದರು. ಆರೂ ಬೇಡಿಕೆ ಗೆಲ್ಲುತ್ತೀರಿ, ನಿಜ. ಯಾಕಾದರೂ ಗೀಚಿದೆನೋ ಎಂದು ನೀನು ಮಾತ್ರ ಸಾಯೋತನಕ ಕೊರಗಿದೆಯಂತೆ.

ಕೈಮುಗಿದು ಕೇಳ್ತೀನಿ, ಗೀಚಬೇಡ. ನಗೋರು ನಗಲಿ. ಸ್ಟೂಲು ನಿನಗೇ ಸಿಗುತ್ತದೆ ಎಂದು ಸುಳ್ಳು ಹೇಳಲಾರೆ. ಅದು ಬಂದದ್ದು ನಿನ್ನ ಮೊಮ್ಮಗಳ ಕಾಲಕ್ಕೆ. ಕಾಲು ನೋಯುತ್ತದೆ ಎಂದು ಒಬ್ಬಳು ಕೇಳಿದ್ದಳು ಅನ್ನೋದು ಆ ಪಟ್ಟಿಯಲ್ಲಿ ಉಳಿದರೆ ಸಾಕು, ಮಿಕ್ಕಿದ್ದು ನಾನು ನೋಡಿಕೊಳ್ಳುತ್ತೇನೆ. ಈ ಕಾಗದವನ್ನೂ ನೀನು ಟೇಬಲ್ ಮುಂದೆ ನಿಂತೇ ಓದುತ್ತಿರುತ್ತೀಯ, ನನಗೆ ಗೊತ್ತು. ಸೂಪರ್‌ವೈಸರ್ ನೋಡಿದರೆ ನೋಡಲಿ. ಕೂತ್ಕೋ ಅಜ್ಜಿ.