ಹಿತ್ತಾಳೆಯ ಮೇಲಿನ ಹೆಸರು

ಅಮ್ಮಾ,

ಬೆಟಗೇರಿಗೆ ಬಂದು ವಾರವಾಯಿತು. ಕಾಲೇಜಿನ ಮಕ್ಕಳಿಗೆ ಸ್ವಂತ ಉದ್ಯಮದ ಪಾಠ ಬರೆಯಲೆಂದು ಗುಜರಿ ಅಂಗಡಿಗಳಲ್ಲಿ ಕೂತು, ಹಳೆಯ ಪಾತ್ರೆ ಕರಗಿ ಹೊಸದಾಗುವ ವ್ಯಾಪಾರ ನೋಡುತ್ತಿದ್ದೇನೆ. ಇಲ್ಲಿ ಪುಂಡಲೀಕಪ್ಪ ಎಂಬ ವ್ಯಾಪಾರಿಯದು ವಿಚಿತ್ರ ನೇಮ. ಪಾತ್ರೆಯ ಮೇಲೆ ಹೆಸರು ಕೊರೆಸಿದ್ದರೆ, ತಂದವರು ಅದನ್ನು ಬಾಯಿಬಿಟ್ಟು ಹೇಳುವತನಕ ಪಾತ್ರೆ ಜಜ್ಜಲು ಸುತ್ತಿಗೆ ಎತ್ತುವುದಿಲ್ಲ. ಯಾಕೆಂದು ಕೇಳಿದೆ. "ನಾ ತಗೊಳ್ಳೂದು ಹಿತ್ತಾಳಿ ಅಷ್ಟರೀ. ಹೆಸರು ಅವ್ರ ಮನಿಗೆ ಹೊಳ್ಳಿ ಹೋಗ್ಬೇಕು" ಎಂದರು.

ಇವತ್ತು ಮುತ್ತವ್ವ ಎಂಬ ಅಜ್ಜಿ ತಂದ ಕೊಡದ ಮೇಲೆ ತೀರಿಹೋದ ಗಂಡನ ಹೆಸರಿತ್ತು. ಸಂಸಾರ ಮಾಡಿದಷ್ಟು ದಿನವೂ ನಾಲಿಗೆಗೆ ತರದ ಆ ಹೆಸರನ್ನು, ಸೆರಗು ಬಾಯಿಗೆ ಅಡ್ಡ ಹಿಡಿದು ಹೇಳಿದರು. ಸುತ್ತಿಗೆ ಬೀಳಲು ಬಹಳ ಹೊತ್ತು ಹಿಡಿಯಿತು.

ಜೋಳದ ರೊಟ್ಟಿ ಹೊಟ್ಟೆಗೆ ಒಗ್ಗಿದೆ, ಕೆಮ್ಮು ಬಿಟ್ಟಿದೆ.

ತಮ್ಮನ ನಾಮಕರಣದ ಚೊಂಬನ್ನು ಗುಜರಿಗೆ ಹಾಕುತ್ತೇನೆ ಎಂದೆಯಲ್ಲ, ಹಾಕು, ನಾನು ಬೇಡ ಅನ್ನುವುದಿಲ್ಲ. ಆದರೆ ಅವನು ಹೋದಮೇಲೆ ನೀನು ಅವನ ಹೆಸರೆತ್ತಿಲ್ಲ. ಫೋನಿನಲ್ಲಿ ನಾನೆತ್ತಿದರೆ ಕಟ್ ಮಾಡುತ್ತೀಯ, ಅದಕ್ಕೇ ಈ ಕಾರ್ಡು. ಜಾಗ ಮುಗಿಯುತ್ತಿದೆ. ಕೊಡುವ ಮೊದಲು ಒಮ್ಮೆ ಗಟ್ಟಿಯಾಗಿ ಹೇಳಮ್ಮ, ನಂದೀಶ ಅಂತ.

ಶಾಲಿನಿ