ಫ್ಯಾಮಿಲಿ ರೂಮಿನ ಪ್ಲೈವುಡ್ ಗೋಡೆ

ಹಳೇ ಕಟ್ಟಡಗಳನ್ನು ಉಳಿಸುವ ಸಮಿತಿಯ ಮಾನ್ಯ ಅಧ್ಯಕ್ಷರೇ,

ದುಬೈ–ಅಬುಧಾಬಿ ಹಳೇ ರಸ್ತೆಯ ಬದಿಯಲ್ಲಿ ಬಾಗಿಲು ಹಾಕಿಕೊಂಡಿರುವ ಕೆಫೆಟೇರಿಯಾವನ್ನು ಉಳಿಸುತ್ತೀರಂತೆ. ಸಂತೋಷ. ಆದರೆ ಒಳಗಿನ ಪ್ಲೈವುಡ್ ಗೋಡೆಯನ್ನು ಮುಂದಿನ ವಾರ ಕಿತ್ತು ಬಿಸಾಡುತ್ತೀರಂತೆ. ಕೇಳಿದ ಕೂಡಲೇ ಈ ಪತ್ರ ಬರೆಯಲು ಕೂತೆ. ನಿಮಗೆ ಕನ್ನಡ ಬಾರದು, ಗೊತ್ತು. ನನಗೆ ಅಳು ಬರುವುದು ಈ ಭಾಷೆಯಲ್ಲೇ.

ನಿಮ್ಮ ತಜ್ಞರ ಕಣ್ಣಿಗೆ ಎಪ್ಪತ್ತರ ದಶಕದ ಬಾಗಿದ ಕಾಂಕ್ರೀಟ್ ಚಾವಣಿ ಕಂಡಿತು, ಗಾಳಿಗೆಂದು ಬಿಟ್ಟ ಸಿಮೆಂಟಿನ ಜಾಲಂಧ್ರ ಕಂಡಿತು, ನೆಲದ ಹಸಿರು ಮೊಸಾಯಿಕ್ ಕಂಡಿತು. ಪ್ಲೈವುಡ್ ಮಾತ್ರ 'ನಂತರದ, ಬೆಲೆಯಿಲ್ಲದ ಸೇರ್ಪಡೆ'! ಯಾರಿಗೆ ಬೆಲೆಯಿಲ್ಲ ಸ್ವಾಮೀ?

ನನ್ನ ಯಜಮಾನರು ನಿರಂಜನ ಅಬುಧಾಬಿಯ ಎಲೆಕ್ಟ್ರಾ ಸ್ಟ್ರೀಟಿನ ಮೊಬೈಲ್ ಅಂಗಡಿಯಲ್ಲಿದ್ದರು. ವಾಸ ಕಂಪನಿಯ ರೂಮಿನಲ್ಲಿ, ಗಂಡಸರ ಜೊತೆ. ನಾನು ದುಬೈಯ ಕರಾಮದಲ್ಲಿ, ಹೆಂಗಸರ ಬೆಡ್‌ಸ್ಪೇಸಿನಲ್ಲಿ, ಅಂದರೆ ಹಲವರಿರುವ ರೂಮಿನ ಒಂದು ಬಾಡಿಗೆ ಮಂಚದಲ್ಲಿ. ಕಟ್ಟಿಕೊಂಡ ಗಂಡನಾದರೂ ಬಾಗಿಲಾಚೆಯೇ ನಿಲ್ಲಬೇಕು. ಹಾಗಾಗಿ ಪ್ರತಿ ಶುಕ್ರವಾರ ಅವರು ಆ ಕಡೆಯಿಂದ, ನಾನು ಈ ಕಡೆಯಿಂದ, ಅರ್ಧ ದಾರಿಯ ಆ ಕೆಫೆಟೇರಿಯಾಕ್ಕೆ. ಅಲ್ಲಿ ಆ ಪ್ಲೈವುಡ್ ಗೋಡೆಯ ಹಿಂದೆ, ಸಂಸಾರಸ್ಥರಿಗೆಂದು ಪರದೆ ಬಿಟ್ಟ ಒಂದು ಫ್ಯಾಮಿಲಿ ರೂಮಿತ್ತು. "ಯಲ್ಲಾ, ಬೇಗ ಬೇಗ, ಫ್ಯಾಮಿಲಿ ಬಂತು, ಪರದೆ ಸರಿಸಿ!" ಎಂದು ಮಾಲೀಕರು, ಭಟ್ಕಳದ ಮೊಹಿಯುದ್ದೀನ್ ಸಾಹೇಬರು, ಕೂಗುತ್ತಿದ್ದರು. ಈ ದೇಶದಲ್ಲಿ ನಮ್ಮನ್ನು ಫ್ಯಾಮಿಲಿ ಎಂದವರು ಅವರೊಬ್ಬರೇ.

ನಮ್ಮವರು ಆ ಗೋಡೆಯ ಹೊರಗೆ ಚಪ್ಪಲಿ ಬಿಟ್ಟೇ ಒಳಗೆ ಬರುತ್ತಿದ್ದರು. "ರೀ, ಇದು ಹೋಟ್ಲು, ಹಾಕ್ಕೊಳ್ರೀ, ಎಲ್ರೂ ನಗ್ತಾರೆ" ಅಂದರೆ, "ಮನೆಯೊಳಗೆ ಯಾರಾದ್ರೂ ಚಪ್ಪಲಿ ಹಾಕ್ತಾರೇನೇ?" ಅನ್ನುತ್ತಿದ್ದರು. ಸಾಹೇಬರು ನಗಲಿಲ್ಲ. ಮುಂದಿನ ವಾರ ಅಲ್ಲೊಂದು ಕಾಲೊರಸು ಬಿದ್ದಿತ್ತು. ಆ ಗೋಡೆಯ ಹಿಂದೆ ನಾವು ಜಗಳವಾಡಿದ್ದೇವೆ, ಹುಟ್ಟಲಿರುವ ಮಗುವಿಗೆ ಹೆಸರು ಹುಡುಕಿದ್ದೇವೆ, ಅದು ಉಳಿಯಲಿಲ್ಲವೆಂದು ಒಬ್ಬರನ್ನೊಬ್ಬರು ಹಿಡಿದು ಅತ್ತಿದ್ದೇವೆ. ಆಚೆ ಕೂತವರು ಚಹಾ ಕುಡಿಯುತ್ತಿದ್ದರು.

ಕೊನೆಗೂ ದುಬೈಯ ಇಂಟರ್‌ನ್ಯಾಷನಲ್ ಸಿಟಿ ಬಡಾವಣೆಯಲ್ಲಿ ಒಂದು ಪುಟ್ಟ ಮನೆ ಗೊತ್ತು ಮಾಡಿದೆವು. ಬೀಗದ ಕೈ ಸಿಗುವ ಮೊದಲೇ ಅವರು ಹೃದಯಾಘಾತದಲ್ಲಿ ಹೋಗಿಬಿಟ್ಟರು. ಸಾಹೇಬರೂ ಕೆಫೆಟೇರಿಯಾ ಮುಚ್ಚಿ ಊರಿಗೆ ಹೋದರು. ನಾನು ಬೆಡ್‌ಸ್ಪೇಸಿನಲ್ಲೇ ಉಳಿದೆ.

ಚಾವಣಿ ಚೆಂದವಿದೆ, ಉಳಿಸಿ. ಫೋಟೊ ತೆಗೆಸಿಕೊಳ್ಳುವವರು ಬಂದೇ ಬರುತ್ತಾರೆ. ಆದರೆ ಆ ಗೋಡೆಗೆ ಕೈ ಹಚ್ಚಬೇಡಿ. ಅದಕ್ಕೆ ಫಲಕ ಬೇಡ, ದೀಪ ಬೇಡ, ಇದ್ದಲ್ಲೇ ಇರಲಿ. ಇಲ್ಲ, ಕೀಳಲೇಬೇಕು ಅನ್ನುವುದಾದರೆ ಮೊದಲು ನನಗೆ ಹೇಳಿ ಕಳಿಸಿ. ನಾನೇ ಬಂದು ಮನೆ ಖಾಲಿ ಮಾಡಿಕೊಡುತ್ತೇನೆ.

ಇಂತಿ,
ನಿಮ್ಮ ನಕ್ಷೆಯಲ್ಲಿಲ್ಲದ ಮನೆಯ ಯಜಮಾನಿ,
ಕೋಕಿಲಾ ನಿರಂಜನ
ಕರಾಮ, ದುಬೈ